ವಿಶಾಲಮ್ಮನ ಕರಡಿಗೆ

ನನ್ನ ಮನೆಯವಳು ಹೋದ ಸುದ್ದಿ ನನಗೆ ಒಂದೇ ಸಲ ಬರಲಿಲ್ಲ. ತುಂಡು ತುಂಡಾಗಿ ಬಂತು. ಆ ದಿನ ನಾನು ಆಲೂರಿನಾಚೆಯ ಒಂದು ಹಳ್ಳಿಯಲ್ಲಿದ್ದೆ. ಲಿಂಗಪ್ಪ ಎಂಬ ಭಕ್ತರು ಹೊಸ ಮನೆ ಕಟ್ಟಿದ್ದರು. ಹಿಂದಿನ ದಿನವೇ ಹೋಗಿ ಅಲ್ಲಿ ಉಳಿದು, ಮುಂಜಾನೆ ಪೂಜೆ ಮುಗಿಸಿ, ಬಂದವರಿಗೆ ವಿಭೂತಿ ಕೊಡುತ್ತ ಕುಳಿತಿದ್ದೆ. ನಾವು ಜಂಗಮರು. ಹುಟ್ಟಿದ ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಹೋದವರನ್ನು ಸಮಾಧಿಯಲ್ಲಿ ಕೂರಿಸುವವರೆಗೆ, ಸುತ್ತಿನ ಊರುಗಳಲ್ಲಿ ಅದು ನಮ್ಮ ಮನೆತನಕ್ಕೆ ಬಂದ ಕೆಲಸ.

ಲಿಂಗಪ್ಪ ಅಂಗಡಿಯ ಕಡೆಯಿಂದ ಬಂದು ಬಾಗಿಲಲ್ಲೇ ನಿಂತರು.

“ಅಯ್ನೋರೇ, ಅಂಗಡಿಗೆ ಫೋನ್ ಬಂದಿತ್ತು. ಅಮ್ಮಾರಿಗೆ ಯಾಕೋ ತಲೆಸುತ್ತಂತೆ.”

“ಯಾವಾಗ?”

“ನಿನ್ನೆ ಸಂಜೆಯಂತೆ. ಹಬೀಬ್ ಸಾಬ್ರು ಜೀಪ್ ತರ್ತಾವ್ರಂತೆ. ನೀವು ಫಲಾರ ಮಾಡಿ.”

ತಲೆಸುತ್ತಿಗೆ ಜೀಪು ಯಾಕೆ ಎಂದು ನನಗೆ ಹೊಳೆಯಲಿಲ್ಲ. ಕೊಟ್ಟ ಉಪ್ಪಿಟ್ಟನ್ನು ತಿಂದೆ. ಲಿಂಗಪ್ಪನವರ ಹೆಂಡತಿ ಬಡಿಸುವಾಗ ನನ್ನ ಮುಖ ನೋಡಲಿಲ್ಲ. ಹೊಸ ಮನೆಯ ಗಡಿಬಿಡಿ ಎಂದುಕೊಂಡೆ.

ಹಬೀಬ್ ಬಾಳ್ಳುಪೇಟೆಯವನು. ಬಾಡಿಗೆಗೆ ಜೀಪು ಓಡಿಸುತ್ತಾನೆ. ಬಂದ ಕೂಡಲೇ ಏನಾದರೊಂದು ತಮಾಷೆಯಿಂದ ಮಾತು ಶುರು ಮಾಡುವ ಮನುಷ್ಯ. ಅಂದು ಇಳಿದು ಬಂದು ನನ್ನ ಜೋಳಿಗೆಯನ್ನು ತಾನೇ ಎತ್ತಿಕೊಂಡ.

“ಹೇಗಿದ್ದಾಳೆ ಹಬೀಬ್?”

“ನಿನ್ನೆ ಸಂಜೆ ಕ್ಲಿನಿಕ್ಕಲ್ಲೇ ಬಿದ್ರು ಅಯ್ನೋರೇ. ಹಾಸನಕ್ಕೆ ನಾನೇ ಕರ್ಕೊಂಡು ಹೋದೆ. ಡಾಕ್ಟರಮ್ಮನೂ ಇದ್ರು.”

“ಈಗ ಹೇಗಿದ್ದಾಳೆ ಅಂತ ಕೇಳಿದೆ.”

“ಹತ್ತಿ ಅಯ್ನೋರೇ. ಹೋಗಾಣ.”

ಆಲೂರು ದಾಟಿ ಹೆದ್ದಾರಿಗೆ ಬಂದೆವು. ಹಾಸನಕ್ಕೆ ಹೋಗಬೇಕಾದರೆ ಜೀಪು ಬಲಕ್ಕೆ ತಿರುಗಬೇಕು. ಹಬೀಬ್ ಎಡಕ್ಕೆ, ಬಾಳ್ಳುಪೇಟೆಯ ಕಡೆಗೆ, ನಮ್ಮೂರಿನ ಕಡೆಗೆ ತಿರುಗಿಸಿದ. “ಇದು ಯಾಕಪ್ಪ ಈ ಕಡೆ?” ಎಂದು ಕೇಳಿದೆ. ಕೇಳಿ ಮುಗಿಸುವುದರೊಳಗೆ ನನಗೇ ತಿಳಿಯಿತು. ಹಾಸನದಲ್ಲಿ ನಾನು ನೋಡಬೇಕಾದವರು ಯಾರೂ ಉಳಿದಿರಲಿಲ್ಲ. ಹಬೀಬ್ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಲಾರಿಗಳ ನಡುವೆ ಜೀಪು ಬಿಡುತ್ತಿದ್ದ.

ವಿಶಾಲಮ್ಮ ಬಾಳ್ಳುಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಸೇರಿದ ಹೊಸದರಲ್ಲಿ ನೀರು ಕುದಿಸುವುದು, ಸೂಜಿ ಬೇಯಿಸುವುದು, ಇಷ್ಟೇ ಎಂದು ಹೇಳಿದ್ದಳು. ನಾನು ಬಹಳ ಕಾಲ ಅದಷ್ಟೇ ಎಂದುಕೊಂಡಿದ್ದೆ. ಊರಿನವರು ಸುಮ್ಮನಿರಲಿಲ್ಲ. “ಅಯ್ನೋರ ಹೆಂಡ್ತಿ ಕೀವು ಒರೆಸ್ತಾಳಂತೆ” ಎಂದು ಆಡಿಕೊಂಡರು. ಒಂದು ದಿನ ಅವಳ ಮುಂದೆ ಆ ಮಾತು ತೆಗೆದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ನೀವು ಹೋದವರ ಮೈ ಮುಟ್ತೀರಿ, ನಾನು ಇರೋರ ಮೈ ಮುಟ್ತೀನಿ. ಸ್ನಾನ ಇಬ್ಬರೂ ಮಾಡ್ತೀವಿ ತಾನೆ?”

ಅಲ್ಲಿಗೆ ಆ ಮಾತು ಮುಗಿಯಿತು. ಸಂಜೆ ಬಸ್ಸಿಳಿದು ಬಂದವಳು ಹಿತ್ತಿಲ ಕಡೆಯಿಂದಲೇ ಬಚ್ಚಲಿಗೆ ಹೋಗಿ, ಮಿಂದು, ಮಡಿಯುಟ್ಟು, ಲಿಂಗಪೂಜೆಗೆ ಕೂರುತ್ತಿದ್ದಳು. ಅವಳ ಪೂಜೆ ಮುಗಿಯುವವರೆಗೆ ನಾನೂ ಉಣ್ಣುತ್ತಿರಲಿಲ್ಲ.

ಒಮ್ಮೊಮ್ಮೆ ಅವಳನ್ನು ಕರೆತರಲು ಕ್ಲಿನಿಕ್ಕಿಗೆ ಹೋಗಿ ಬೆಂಚಿನ ಮೇಲೆ ಕೂರುವುದಿತ್ತು. ಅಲ್ಲಿ ಅವಳು ಬೇರೆಯೇ ಹೆಂಗಸು. ಬಂದವರನ್ನು ಬಾಗಿಲಲ್ಲೇ ಒಂದು ಸಲ ಮೇಲಿಂದ ಕೆಳಗೆ ನೋಡುವಳು. ಯಾರು ಮೊದಲು ಒಳಗೆ ಹೋಗಬೇಕು ಎನ್ನುವುದನ್ನು ಅವಳೇ ಹೇಳುವಳು. ಒಂದು ಸಲ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ತಾನು ಮೊದಲು ಬಂದವನೆಂದು ಜೋರು ಮಾಡಿದರು.

“ರೈಟ್ರೇ, ನಿಮ್ಮ ಕೆಮ್ಮು ಇನ್ನೊಂದು ಬೀಡಿ ಸೇದೋವಷ್ಟು ಹೊತ್ತು ತಡೀತದೆ. ಆ ಕೂಸಿನ ಪಕ್ಕೆ ನೋಡಿ, ಉಸಿರು ಎಳೆದಾಗೆಲ್ಲ ಒಳಕ್ಕೆ ಹೋಗ್ತೈತೆ” ಎಂದಳು. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ರೈಟರೂ ನಕ್ಕರು. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಆ ಕೂಸು ಮೊದಲು ಒಳಗೆ ಹೋಯಿತು.

ಕ್ಲಿನಿಕ್ಕಿನಲ್ಲಿ ಕಸ ಗುಡಿಸಲು ಚೆಲುವಮ್ಮ ಎಂಬ ಹೆಂಗಸಿದ್ದಳು. ಹಾನುಬಾಳಿನ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ ಹುಟ್ಟಿ ಬೆಳೆದವಳು, ಗಂಡನನ್ನು ಕಳೆದುಕೊಂಡ ಮೇಲೆ ಬಾಳ್ಳುಪೇಟೆಗೆ ಬಂದವಳು. ಅವಳ ಕೇರಿಯವರು ನಮ್ಮ ಜಗಲಿ ಹತ್ತುವ ರೂಢಿಯಿಲ್ಲ. ವಿಶಾಲಮ್ಮ ಅವಳಿಗೆ ಪೊರಕೆ ಬಿಡಿಸಿ ತನ್ನ ಕೆಲಸ ಕಲಿಸತೊಡಗಿದಳು. ನಾಡಿ ಹಿಡಿಯುವುದನ್ನು ಕಲಿಸಿದ್ದು ನನ್ನ ಎದುರಿಗೇ. ಸಿಕ್ಕ ಕೈ ಹಬೀಬನದು.

“ಹೆಬ್ಬೆರಳು ಇಡಬ್ಯಾಡ ಕಣೇ. ಹೆಬ್ಬೆರಳಿಗೆ ಅದರದೇ ಬಡಿತ ಐತೆ. ನಿನ್ನ ನಾಡಿ ನೀನೇ ಎಣಿಸ್ಕೊಂಡು, ಸಾಬ್ರು ಚೆನ್ನಾಗವ್ರೆ ಅಂತೀಯ.”

“ಅಮ್ಮಾ, ನಾನು ಬದುಕಿದ್ದೀನೋ ಇಲ್ವೋ ಅದನ್ನ ಮೊದಲು ಹೇಳಿ. ಬಾಡಿಗೆಗೆ ಹೋಗ್ಬೇಕು” ಎಂದ ಹಬೀಬ್.

“ಬಾಯಿ ಮುಚ್ಕೊಂಡು ಕೂತ್ರೆ ಬದುಕಿರ್ತೀಯ ಮಾರಾಯ. ಮಾತಾಡಿದ್ರೆ ಲೆಕ್ಕ ತಪ್ತದೆ.”

ಹೀಗೆ ಅವಳು ಹೇಳಿಕೊಡುತ್ತಿದ್ದುದು ನನ್ನ ಕಿವಿಗೆ ಅಷ್ಟಷ್ಟು ಬಿದ್ದಿದೆ. ಊದುತ್ತಿರುವ ಬೆರಳಿನಿಂದ ಉಂಗುರವನ್ನು ಎಳೆಯದೆ ದಾರ ಸುತ್ತಿ ಬಿಡಿಸುವುದು. ಇಂಜೆಕ್ಷನ್ನಿಗೆ ಮುಂಚೆ ಒಂದು ಹನಿ ಚರ್ಮಕ್ಕೆ ಕೊಟ್ಟು ಕಾದು ನೋಡುವುದು. ಕಾಯುವಾಗ ತೋಳನ್ನೂ ನೋಡು, ಮುಖವನ್ನೂ ನೋಡು. ಹೆದರಿದವರಿಗೆ “ಏನೂ ಆಗಲ್ಲ” ಎಂದು ಹೇಳಕೂಡದು, “ಡಾಕ್ಟರಮ್ಮ ನೋಡ್ತಾವ್ರೆ, ನಾನು ಇಲ್ಲೇ ಇರ್ತೀನಿ” ಎನ್ನಬೇಕು. ರೋಗಿಯ ಮೈಮೇಲಿನಿಂದ ತೆಗೆದ ಒಡವೆ ವಸ್ತುವನ್ನು ಅವರ ಮನೆಯವರ ಕೈಗಲ್ಲದೆ ಬೇರೆಯವರ ಕೈಗೆ ಕೊಡಕೂಡದು. ಒಳಗೆ ಕಂಡದ್ದನ್ನು ಹೊರಗೆ ಆಡಕೂಡದು.

ಜೀಪು ನಮ್ಮ ಊರಿನ ಮಣ್ಣು ರಸ್ತೆಗೆ ಇಳಿಯಿತು. ಕಾಳುಮೆಣಸು ಕೀಳುವ ಕಾಲ. ಏಣಿ ಹೊತ್ತ ಆಳುಗಳು ರಸ್ತೆ ಬಿಟ್ಟು ನಿಂತರು. ತಲೆಯ ಟವೆಲು ತೆಗೆದರು. ಊರಿಗೆಲ್ಲ ನನಗಿಂತ ಮೊದಲು ತಿಳಿದಿತ್ತು.

ಅವಳನ್ನು ತಂದ ಆಸ್ಪತ್ರೆಯ ವ್ಯಾನು ಆಗಲೇ ಬಂದಿತ್ತು. ಹಾಸನಕ್ಕೆ ಮದುವೆ ಮಾಡಿಕೊಟ್ಟ ನನ್ನ ಮಗಳು ವಾಣಿ ತಾಯಿಯ ಜೊತೆಯಲ್ಲೇ ಬಂದಿದ್ದಳು. ಡಾಕ್ಟರಮ್ಮನೂ ಬಂದು ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನ ಮನೆಯಲ್ಲಿ ನಾನೇ ಕ್ರಿಯೆ ನಡೆಸುವಂತಿಲ್ಲವಲ್ಲ. ಆಲೂರಿನಿಂದ ಚಂದ್ರಯ್ಯನವರನ್ನು ಕರೆಸಿದ್ದರು. ನನಗಿಂತ ಹಿರಿಯರು, ಮಡಿ ಆಚಾರದಲ್ಲಿ ಬಹಳ ಬಿಗಿ. ಹಿತ್ತಿಲಾಚೆ ನಮ್ಮ ಹಿರಿಯರ ಸಮಾಧಿಗಳ ಪಕ್ಕದಲ್ಲಿ ಗುಂಡಿ ತೋಡಿಸುತ್ತಿದ್ದರು.

ವಿಶಾಲಮ್ಮ ಮಲಗಿದ್ದಳು. ಮುಖ ಒಂದು ಕಡೆಗೆ ಸ್ವಲ್ಪ ವಾಲಿತ್ತು, ಅಷ್ಟೇ. ನಾನು ಎಷ್ಟೋ ಮನೆಗಳಲ್ಲಿ ಇಂಥ ಮುಖಗಳ ಮುಂದೆ ಕುಳಿತು ಮಂತ್ರ ಹೇಳಿದವನು. ಅಂದು ನನಗೆ ಒಂದು ಸಾಲೂ ನೆನಪಿಗೆ ಬರಲಿಲ್ಲ.

ಹೆಂಗಸರು ಮೈ ತೊಳೆಯಲು ಒಳಗೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ವಾಣಿ ಬಾಗಿಲ ಸಂದಿಯಿಂದ ನನ್ನನ್ನು ಕರೆದಳು. ಅವಳ ದನಿ ಬೇರೆಯಾಗಿತ್ತು.

“ಅಪ್ಪಾಜಿ, ಅವ್ವನ ಕೊರಳಲ್ಲಿ ಕರಡಿಗೆ ಇಲ್ಲ.”

ಕರಡಿಗೆ ಎಂದರೆ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಡಬ್ಬಿ. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇವೆ. ಹುಟ್ಟಿದಾಗ ಕಟ್ಟಿದ ಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ. ಕೊನೆಗೆ ಸಮಾಧಿಯಲ್ಲಿ ಕೂರಿಸುವಾಗ ಅದೇ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟು ಮಣ್ಣು ಮುಚ್ಚುತ್ತೇವೆ.

“ಆಸ್ಪತ್ರೆಯವರು ತೆಗೆದಿರಬೇಕು. ಕೇಳಲಿಲ್ವೇನವ್ವ?”

“ಕೇಳ್ದೆ. ತಾಳಿ, ಓಲೆ, ಕಾಲುಂಗುರ ಪೊಟ್ಟಣ ಕಟ್ಟಿ ಕೊಟ್ರು. ಬರೋವಾಗಲೇ ಕೊರಳಲ್ಲಿ ಬೇರೇನೂ ಇರಲಿಲ್ಲ ಅಂದ್ರು.” ವಾಣಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಅಪ್ಪಾಜಿ, ಅವ್ವ ಕ್ಲಿನಿಕ್ಕಲ್ಲಿ ಹಾಕ್ಕೊತಿರಲಿಲ್ವೇನೋ.”

ದಿನವೂ ಬೆಳಿಗ್ಗೆ ಕೊರಳಲ್ಲಿ ಕರಡಿಗೆ ಧರಿಸಿಯೇ ಅವಳು ಹೊಸಿಲು ದಾಟಿದ್ದನ್ನು ಕಂಡಿದ್ದೇನೆ. ಸಂಜೆ ಅದನ್ನು ಬಿಚ್ಚಿ ಪೂಜೆಗೆ ಕೂತದ್ದನ್ನು ಕಂಡಿದ್ದೇನೆ. ನಡುವಿನ ಹಗಲು ನಾನು ಕಂಡದ್ದಲ್ಲ. ಜಗಲಿಯಲ್ಲಿ ಕುಳಿತವರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. “ಆಸ್ಪತ್ರೆ ಕೆಲಸ ನೋಡು, ರಕ್ತ, ಕೀವು. ಎಲ್ಲೋ ಬಿಚ್ಚಿಟ್ಟಿರ್ತಾರೆ” ಎಂದು ಒಬ್ಬರು. “ಬಿಚ್ಚಿಡೋ ವಸ್ತುವೇನ್ರೀ ಅದು?” ಎಂದು ಇನ್ನೊಬ್ಬರು.

ಚಂದ್ರಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. “ಶಿವಯ್ಯ, ದಿಗಿಲು ಬೀಳಬೇಡ. ನನ್ನ ಜೋಳಿಗೇಲಿ ಬೇರೆ ಲಿಂಗ ಐತೆ. ಸಂಸ್ಕಾರ ಮಾಡಿ ಕೊಡ್ತೀನಿ. ಕಳೆದುಹೋದವರಿಗೆ ಹಾಗೇ ಮಾಡೋದು. ನಿಂಗೆ ತಿಳೀದ್ದೇನಲ್ಲ.”

ತಿಳಿಯದ್ದೇನಲ್ಲ. ಆದರೆ ಮೂವತ್ತು ನಲವತ್ತು ವರ್ಷ ಅವಳ ಅಂಗೈಯಲ್ಲಿ ಕೂತು ಅವಳ ಮಾತೆಲ್ಲ ಕೇಳಿಸಿಕೊಂಡ ಲಿಂಗ ಎಲ್ಲೋ ಅನಾಥವಾಗಿ ಬಿದ್ದಿರುವಾಗ, ಅವಳ ಗುರುತೇ ಇಲ್ಲದ ಇನ್ನೊಂದನ್ನು ಅವಳ ಕೈಗೆ ಕೊಟ್ಟು ಹೇಗೆ ಕಳುಹಿಸಲಿ? ಮಾತು ಮಾತಿಗೆ ಜನ ಅವಳು ಲಿಂಗೈಕ್ಯಳಾದಳು ಎನ್ನುತ್ತಿದ್ದರು. ಕೇಳಿದಾಗೆಲ್ಲ ನನಗೆ ತಲೆ ತಗ್ಗುತ್ತಿತ್ತು. ನಿಜವಾಗಿಯೂ ಅವಳೇ ತೆಗೆದಿಟ್ಟಿದ್ದಳೇ? ನಂಬಿಕೆ ಬಿಟ್ಟಿದ್ದಳೇ? ಬಿಟ್ಟು, ನನ್ನ ಸಮಾಧಾನಕ್ಕೆಂದು ಸಂಜೆ ಸಂಜೆ ಪೂಜೆಗೆ ಕೂರುತ್ತಿದ್ದಳೇ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಯೋಚನೆ ಬಿಡಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ ನಿಂತೆ.

“ತಾಯಿ, ನಿನ್ನೆ ಏನಾಯ್ತು? ನನಗೆ ಒಂದೂ ಗೊತ್ತಾಗ್ತಿಲ್ಲ.”

ಅವರು ಮೆಲ್ಲಗೆ ಹೇಳಿದರು. ಏಣಿಯಿಂದ ಬಿದ್ದವನೊಬ್ಬನಿಗೆ ಪಟ್ಟಿ ಕಟ್ಟಿ ಮುಗಿಸಿ ವಿಶಾಲಮ್ಮ ಕೈ ತೊಳೆಯುತ್ತಿದ್ದಳಂತೆ. ತಲೆ ಹಿಡಿದುಕೊಂಡು, “ಡಾಕ್ಟರಮ್ಮ, ನನ್ನ ಬಲಗೈ ನನ್ನ ಮಾತು ಕೇಳ್ತಾ ಇಲ್ಲ” ಎಂದು ತಾನೇ ಹೇಳಿದಳಂತೆ. ಅಷ್ಟರಲ್ಲಿ ಕುಸಿದಳು.

“ಮಿದುಳಲ್ಲಿ ರಕ್ತನಾಳ ಒಡೀತು ಅಯ್ಯನವರೇ. ಬಿ.ಪಿ. ಜಾಸ್ತಿ ಇತ್ತಲ್ಲ. ಮಾತ್ರೆ ತಗೋತಾನೇ ಇದ್ರು.”

“ಬಿ.ಪಿ.ನೇ? ಅವಳಿಗೇ?”

ಡಾಕ್ಟರಮ್ಮ ನನ್ನನ್ನು ನೋಡಿದರು. “ನಿಮಗೆ ಗೊತ್ತಿರಲಿಲ್ವಾ?”

ಇರಲಿಲ್ಲ. ಒಳಗೆ ಕಂಡದ್ದನ್ನು ಹೊರಗೆ ಆಡಕೂಡದೆಂಬ ನೇಮ ಅವಳ ವಿಷಯಕ್ಕೂ ಇತ್ತೆಂದು ನನಗೆ ತಿಳಿದಿರಲಿಲ್ಲ.

“ಕರಡಿಗೆ?”

“ಕೊರಳಲ್ಲಿ ಇರ್ತಿರಲಿಲ್ಲ” ಎಂದರು ಅವರು. ಜಗಲಿಯವರ ಮಾತೇ ನಿಜವಾಯಿತೆಂದುಕೊಂಡೆ. ಅವರೇ ಮುಂದುವರಿಸಿದರು. “ಬಗ್ಗಿ ಗಾಯ ತೊಳೆಯೋವಾಗ ಅದು ತೂಗಾಡಿ ಗಾಯಕ್ಕೆ ತಾಕತ್ತೆ. ಅದಕ್ಕೂ ಮೈಲಿಗೆ, ರೋಗಿಗೂ ಕೆಟ್ಟದ್ದು ಅನ್ನೋರು. ಬಂದ ಕೂಡಲೇ ಎಡದ ತೋಳಿಗೆ ಕಟ್ಟಿಕೊಂಡು ಮೇಲೆ ರವಿಕೆ ತೋಳು ಎಳ್ಕೊಳ್ಳೋರು. ನಿನ್ನೆ ಬಿ.ಪಿ. ನೋಡೋಕೆ ಪಟ್ಟಿ ಸುತ್ತಬೇಕಿತ್ತು. ಬಲಗೈಲಿ ಸತ್ವ ಇರಲಿಲ್ಲ. ಎಡದ ತೋಳಲ್ಲಿ ಅದು ಅಡ್ಡ ಬಂತು. ಬಿಚ್ಚು ಬಿಚ್ಚು ಅಂತ ಚೆಲುವಮ್ಮನಿಗೆ ಕೂಗಿದೆ. ಆಮೇಲೆ ನನಗೆ ಬೇರೇನೂ ಕಾಣಲಿಲ್ಲ. ಎತ್ತಿ ಜೀಪಿಗೆ ಹಾಕಿದ್ವಿ, ಹೊರಟ್ವಿ. ಬೆಳಗಿನ ಜಾವಕ್ಕೆ ಜೀವ ಹೋಯ್ತು.”

ತೋಳಿಗೆ ಕಟ್ಟಿಕೊಳ್ಳುವುದು ಶಾಸ್ತ್ರದಲ್ಲಿ ಇಲ್ಲದ್ದೇನಲ್ಲ. ಕೊರಳು, ಎದೆ, ತೋಳು, ತಲೆ, ಎಲ್ಲಿಯಾದರೂ ಧರಿಸಬಹುದು. ಹಾಗಾದರೆ ಅವಳು ಬಿಟ್ಟಿರಲಿಲ್ಲ. ಅರ್ಧ ಜೀವ ಬಂದಂತಾಯಿತು. ಉಳಿದರ್ಧಕ್ಕಾಗಿ ಚೆಲುವಮ್ಮನನ್ನು ಕಾಣಬೇಕಿತ್ತು.

“ಹೊತ್ತು ಮುಳುಗೋದರೊಳಗೆ ಬಂದುಬಿಡು” ಎಂದರು ಚಂದ್ರಯ್ಯನವರು. “ಆಮೇಲೆ ನಾನು ಕಾಯೋಕಾಗಲ್ಲ.”

ಹಬೀಬ್ ಜೀಪು ತಿರುಗಿಸಿದ. ದಾರಿಯಲ್ಲಿ ಅವನೇ ಮಾತು ತೆಗೆದ.

“ಅಯ್ನೋರೇ, ಇಷ್ಟು ವರ್ಷದಿಂದ ನನ್ನ ಜೀಪಲ್ಲಿ ಓಡಾಡ್ತಿದೀರಿ. ನಂಗೆ ಸಕ್ಕರೆ ಕಾಯಿಲೆ ಅಂತ ಗೊತ್ತಿತ್ತಾ?”

“ಇಲ್ವಲ್ಲಪ್ಪ.”

“ನೋಡಿ. ನನ್ನ ಹೆಂಡ್ತಿ ಜಹೀರಾಗೂ ನಾನೇ ಹೇಳೋ ತನಕ ಗೊತ್ತಿರಲಿಲ್ಲ. ಅಮ್ಮ ಒಳಗೆ ಕೂರಿಸ್ಕೊಂಡು ನಂಗೆ ಬಯ್ದಷ್ಟು ನನ್ನ ಹೆತ್ತವ್ವನೂ ಬಯ್ದಿಲ್ಲ. ಆಚೆ ಬಂದ್ರೆ ‘ಏನ್ ಸಾಬ್ರೇ, ಬಾಡಿಗೆ ಜೋರಾ?’ ಅನ್ನೋರು, ಏನೂ ಗೊತ್ತಿಲ್ಲದೋರ ಥರ.” ಅವನು ಮೂಗು ಒರೆಸಿಕೊಂಡ. “ಇನ್ನು ನನ್ನ ಯಾರು ಬಯ್ತಾರೆ ಕಣ್ರೀ?”

ಕ್ಲಿನಿಕ್ಕಿನ ಮುಂದೆ ಪಕ್ಕದ ಹೋಟೆಲಿನ ಯಜಮಾನರು ನಿಂತಿದ್ದರು. “ಆ ಚೆಲುವಮ್ಮಂಗೆ ಏನಾಗೈತೋ ನೋಡಿ ಸ್ವಾಮಿ. ನಿನ್ನೆಯಿಂದ ಒಳಗೇ ಕೂತವ್ಳೆ. ಕಾಫಿ ಕೊಟ್ರೆ ಬ್ಯಾಡ. ಕೈಲೇನೋ ಹಿಡ್ಕಂಡವ್ಳೆ. ಅಯ್ನೋರ ಮನೇದಾದ್ರೆ ಕೊಡವ್ವ, ನಾನೇ ಕಳಿಸಿಕೊಡ್ತೀನಿ ಅಂದ್ರೆ ಕೊಡಾಕಿಲ್ಲ ಅಂತಾಳೆ.”

ಒಳಗೆ ಹೋದೆ. ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ಗೋಡೆಗೆ ಒರಗಿ, ಕಾಲು ಮಡಿಸಿ, ಚೆಲುವಮ್ಮ ಕುಳಿತಿದ್ದಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದಳು. ಅಂಗೈಯಲ್ಲಿ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಕರಡಿಗೆ. ಬೀಳದಂತೆ ಬಲಗೈಯಿಂದ ಎಡಗೈಯನ್ನು ಆತುಕೊಂಡಿದ್ದಳು. ನಾವು ಪೂಜೆಗೆ ಕೂತಾಗ ಲಿಂಗ ಹಿಡಿಯುವುದು ಹಾಗೆಯೇ. ಅವಳು ಅದನ್ನು ಎಂದೂ ನೋಡಿರಲಾರಳು.

ನನ್ನನ್ನು ಕಂಡು ಏಳಲು ಹೋದಳು. ಕಾಲು ಜೋಮು ಹಿಡಿದು ಆಗಲಿಲ್ಲ.

“ಅಮ್ಮಾರು ಹೋಗ್ಬುಟ್ರಂತೆ ಸ್ವಾಮಿ.”

“ಹೌದವ್ವ.”

“ನಾನು ಜೀಪಿನ ಹಿಂದೆ ಓಡ್ದೆ ಸ್ವಾಮಿ. ಕೂಗ್ದೆ. ಲಾರಿ ಸದ್ದಲ್ಲಿ ಯಾರ್ಗೂ ಕೇಳಿಸ್ಲಿಲ್ಲ. ಆಮೇಕೆ ಎಲ್ಲಿ ಇಡೋದು? ಟ್ರೇಗೆ ಹಾಕಬ್ಯಾಡ ಅಂದಿದ್ರು ಅಮ್ಮ. ನೆಲಕ್ಕಿಡಬ್ಯಾಡ ಅಂದಿದ್ರು. ಒಂದ್ಸಲ ಒಬ್ಬರು ಅಜ್ಜಿಗೆ ಸುಟ್ಟ ಗಾಯ ತೊಳೆಯೋವಾಗ ಹಿಂಗೇ ಆ ಅಜ್ಜಿ ಲಿಂಗಾನ ಅಮ್ಮನೇ ಕೈಲಿ ಹಿಡ್ಕಂಡಿದ್ರು. ಮನೆಯೋರ ಕೈಗೇ ಕೊಡಬೇಕು, ಅಲ್ಲಿಗಂಟ ಕೆಳಕ್ಕೆ ಇಡಂಗಿಲ್ಲ ಅಂದಿದ್ರು.”

“ಊರಿಗೆ ತರಬಾರದಿತ್ತೇನವ್ವ? ನಮ್ಮ ಮನೆ ಗೊತ್ತಲ್ಲ.”

ಅವಳು ತಲೆ ತಗ್ಗಿಸಿದಳು. “ನಿಮ್ಮ ಮನೆ ಬಾಗಿಲಿಗೆ ನಾನು ಇದನ್ನ ಕೈಲಿ ಹಿಡ್ಕಂಡು ಹೆಂಗ್ ಬರ್ಲಿ ಸ್ವಾಮಿ? ಅಷ್ಟೊಂದ್ ಜನ. ಏನಂದಾರು? ನನ್ನನ್ನಲ್ಲ. ಅಮ್ಮನ್ನ ಏನಂದಾರು?”

ನಾನು ಎರಡು ಕೈಯನ್ನೂ ಒಡ್ಡಿದೆ. ಅವಳು ಕೊಡಲು ನೋಡಿದಳು, ಕರಡಿಗೆಯ ಸುತ್ತ ಮಡಚಿ ಮರಗಟ್ಟಿದ ಬೆರಳು ಬಿಚ್ಚಲಿಲ್ಲ. ನಾನು ಬಿಡಿಸಲು ಹೋದಾಗ, “ಎಳೀಬ್ಯಾಡಿ ಸ್ವಾಮಿ, ಬಿಸಿ ತಾಕಿದ್ರೆ ತಾನೇ ಬಿಡ್ತೈತೆ” ಎಂದಳು. ಹಬೀಬ್ ಹೋಟೆಲಿನಿಂದ ಬಿಸಿನೀರು ತಂದ. ಬಟ್ಟೆ ಅದ್ದಿ ಅವಳ ಮಣಿಕಟ್ಟಿನ ಮೇಲೆ ನಾನೇ ಇಟ್ಟೆ. ಅವಳು ಬೇಡ ಬೇಡ ಎಂದಳು. ಅವಳ ಕೇರಿಯವರ ಮೈಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಶರಣರಲ್ಲಿ ಕುಲವಿಲ್ಲ ಎಂದು ಪುರಾಣ ಹೇಳುವಾಗ ಹೇಳುತ್ತಲೇ ಬಂದವನು ನಾನು. ಹೇಳುವುದು ಬೇರೆ. ಆ ಹೊತ್ತಿನಲ್ಲಿ ನನ್ನೊಳಗೆ ಏನು ನಡೆಯಿತೆಂದು ಸರಿಯಾಗಿ ಬರೆಯಲು ನನಗೆ ಬರುವುದಿಲ್ಲ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಕರಡಿಗೆ ನನ್ನ ಕೈಗೆ ಬಂತು. ಅದು ಬೆಚ್ಚಗಿತ್ತು.

“ಬಾರವ್ವ, ಜೀಪಲ್ಲಿ ಕೂತ್ಕೋ. ಅವಳನ್ನ ನೋಡಬೇಡ್ವೇ?”

“ಬರ್ತೀನಿ. ಆದ್ರೆ ನಾನು ಮುಟ್ಟಿದ್ದು ಅಂತ ಯಾರಿಗೂ ಹೇಳ್ಬ್ಯಾಡಿ ಸ್ವಾಮಿ. ನಿಮ್ಮ ದಮ್ಮಯ್ಯ.”

ಊರಿಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಚಂದ್ರಯ್ಯನವರು ಕೇಳಿಯೇ ಕೇಳುತ್ತಾರೆ. ನಿಜ ಹೇಳಿದರೆ, ಈ ಲಿಂಗ ಆಗದು, ನನ್ನದನ್ನೇ ಕೊಡುತ್ತೇನೆ ಎಂದಾರು. ಹೇಳದಿದ್ದರೆ ಗುಂಡಿಯ ಬಾಯಲ್ಲಿ ನಿಂತು ಸುಳ್ಳಾಡಿದ ಹಾಗೆ. ವಿಶಾಲಮ್ಮ ಇದ್ದಿದ್ದರೆ ಏನು ಮಾಡುತ್ತಿದ್ದಳು? ಅವಳು ಎಷ್ಟೋ ಜನರ ಗುಟ್ಟು ಕಾದವಳು. ಸುಳ್ಳು ಸಮಾಧಾನವನ್ನು ಮಾತ್ರ ಯಾರಿಗೂ ಹೇಳಿದವಳಲ್ಲ. ಎರಡೂ ಅವಳ ದಾರಿಯೇ. ಯಾವುದನ್ನು ಹಿಡಿಯಲಿ?

ಗುಂಡಿ ಸಿದ್ಧವಾಗಿತ್ತು. ವಿಶಾಲಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹೂ ಮುಡಿಸಿ ತಂದಿದ್ದರು. ಚೆಲುವಮ್ಮ ಬೇಲಿಯ ಆಚೆ, ಲೈನಿನಿಂದ ಬಂದ ಜನರ ನಡುವೆ ನಿಂತಳು. ಆ ದಿನ ಎಸ್ಟೇಟುಗಳಿಂದ ಬಂದ ಆಳುಗಳು ನಮ್ಮ ನೆಂಟರಿಗಿಂತ ಹೆಚ್ಚಿದ್ದರು.

ಚಂದ್ರಯ್ಯನವರು ಕರಡಿಗೆ ಬಿಚ್ಚಿ ನೋಡಿದರು. “ಇದೇ ಸರಿ. ಎಲ್ಲಿ ಸಿಕ್ತು?”

“ಕ್ಲಿನಿಕ್ಕಲ್ಲಿತ್ತು. ನೆಲಕ್ಕೆ ಬಿದ್ದಿಲ್ಲ. ಬಿಚ್ಚಿದಾಗಿನಿಂದ ಕೈಯಿಂದ ಕೆಳಕ್ಕಿಟ್ಟಿಲ್ಲ.”

“ಯಾರ ಕೈ?”

ನಾನು ಬಾಯಿ ತೆರೆದೆ. ಕಣ್ಣು ಬೇಲಿಯ ಕಡೆಗೆ ಹೋಯಿತು. ನೆಂಟರೆಲ್ಲ ನನ್ನ ಮುಖ ನೋಡುತ್ತಿದ್ದರು. ಹೊತ್ತು ಗುಡ್ಡದ ಅಂಚಿಗೆ ಬಂದಿತ್ತು.

“ನನ್ನ ಕೈ ಸ್ವಾಮಿ” ಎಂದಳು ಚೆಲುವಮ್ಮ ಬೇಲಿಯಾಚೆಯಿಂದ.

ಚಂದ್ರಯ್ಯನವರು ಅವಳನ್ನು ನೋಡಿದರು. ಕೈಯಲ್ಲಿದ್ದ ಲಿಂಗವನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿತ್ತೋ, ನನ್ನಂತೆಯೇ ದಿಕ್ಕು ತೋಚದಿರುವಿಕೆಯಿತ್ತೋ ನನಗೆ ಗೊತ್ತಾಗಲಿಲ್ಲ.

“ಊಟ ಮಾಡಿದೀಯೇನವ್ವ?” ಎಂದು ಕೇಳಿದರು ಕೊನೆಗೆ.

“ಇಲ್ಲ ಸ್ವಾಮಿ. ಕೈಲಿತ್ತಲ್ಲ.”

“ನೀರು?”

“ಇಲ್ಲ.”

ಲಿಂಗ ಕೈಯಲ್ಲಿರುವಾಗ ನಾವು ಅನ್ನ ನೀರು ಮುಟ್ಟುವುದಿಲ್ಲ. ಅವಳಿಗೆ ಆ ನೇಮವನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಚಂದ್ರಯ್ಯನವರು ಮತ್ತೇನನ್ನೂ ಕೇಳಲಿಲ್ಲ. ಗಿಂಡಿಯ ನೀರನ್ನು ಲಿಂಗದ ಮೇಲೆ ಎರೆದರು, ದಿನವೂ ಎರೆಯುವಷ್ಟೇ. ವಿಭೂತಿ ಧರಿಸಿ, ಬಿಲ್ವಪತ್ರೆ ಏರಿಸಿ, ನನ್ನನ್ನು ಕರೆದರು. ನಮ್ಮ ದಾಯಾದಿಗಳಲ್ಲಿ ಇಬ್ಬರು ಟವೆಲು ಕೊಡವಿ ಎದ್ದು ಹೋದರು. ಅವರನ್ನು ಯಾರೂ ತಡೆಯಲಿಲ್ಲ. ನಾನು ಗುಂಡಿಗಿಳಿದು ವಿಶಾಲಮ್ಮನ ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟೆ. ಆ ಕೈ ತಣ್ಣಗಿತ್ತು. ಮೇಲೆ ಬರಲು ಹಬೀಬ್ ಕೈ ಕೊಟ್ಟ.

ಎಲ್ಲರೂ ಹೋದ ಮೇಲೆ ಚಂದ್ರಯ್ಯನವರು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತ ಹೇಳಿದರು: “ಮಾಡಿದ್ದು ಸರಿಯೋ ತಪ್ಪೋ ನಂಗೂ ತಿಳೀಲಿಲ್ಲ ಶಿವಯ್ಯ. ಬೆಳಕು ಹೋಗ್ತಿತ್ತು.” ಹಿರಿಯರಿಗೂ ತಿಳಿಯದ್ದು ಒಂದಿದೆ ಎನ್ನುವುದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಚೆಲುವಮ್ಮ ಈಗ ವಿಶಾಲಮ್ಮನ ಜಾಗದಲ್ಲಿ ಕೆಲಸ ಮಾಡುತ್ತಾಳೆ. ಮೊನ್ನೆ ವಾಣಿಯ ಬಲವಂತಕ್ಕೆ ಹೋಗಿ ಬಿ.ಪಿ. ತೋರಿಸಿದೆ. ಅವಳು ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಎಷ್ಟು ಬಂತೆಂದು ಕೇಳಿದರೆ, “ಡಾಕ್ಟರಮ್ಮ ಹೇಳ್ತಾರೆ ಸ್ವಾಮಿ, ನಾನು ಇಲ್ಲೇ ಇರ್ತೀನಿ” ಎಂದಳು. ನಾನು ಮುಖ ತಿರುಗಿಸಿಕೊಂಡೆ.

ನನಗೆ ಇನ್ನೂ ಬಗೆಹರಿಯದ ವಿಷಯ ಒಂದೇ. ಹಾಸನದ ಆಸ್ಪತ್ರೆಯಲ್ಲಿ ವಿಶಾಲಮ್ಮ ಕೊನೆಯ ಉಸಿರು ಬಿಡುವಾಗ ಅವಳ ಲಿಂಗ ಅವಳ ಮೈಮೇಲೆ ಇರಲಿಲ್ಲ. ಬಾಳ್ಳುಪೇಟೆಯಲ್ಲಿ, ನೀರೂ ಮುಟ್ಟದ ಒಬ್ಬ ಹೆಂಗಸಿನ ಅಂಗೈಯಲ್ಲಿತ್ತು. ಅಗಲಿದ ಲಿಂಗದೊಡನೆ ಐಕ್ಯವಾಗುವುದು ಹೇಗೆ? ನಾನು ಓದಿದ್ದರಲ್ಲಿ ಅದಕ್ಕೆ ಉತ್ತರ ಕಾಣಲಿಲ್ಲ. ಬೇರೆ ಅಯ್ಯನವರನ್ನು ಕೇಳಿದೆ; ಒಬ್ಬೊಬ್ಬರು ಒಂದೊಂದು ಹೇಳಿದರು. ಈಗ ಕೇಳುವುದನ್ನು ಬಿಟ್ಟಿದ್ದೇನೆ. ಸಂಜೆಯ ಪೂಜೆಯಲ್ಲಿ ಇಷ್ಟು ಮಾತ್ರ ಬೇಡಿಕೊಳ್ಳುತ್ತೇನೆ.

ಶಿವನೇ, ದಾರಿ ನನಗೆ ಕಾಣುವುದಿಲ್ಲ, ನಿನಗೆ ಕಾಣುತ್ತದೆ. ಅವಳು ನಿನ್ನನ್ನು ಕೊರಳಲ್ಲಿ ಧರಿಸಿದಳು, ತೋಳಿನಲ್ಲಿ ಧರಿಸಿದಳು, ನೋಯುವವರ ಆರೈಕೆಯಲ್ಲಿ ದಣಿದಳು. ಕೊನೆಯ ಗಳಿಗೆಯಲ್ಲಿ ಕೈತಪ್ಪಿದ್ದು ಅವಳ ತಪ್ಪಲ್ಲ. ಆ ಸಂಜೆಗೂ ಆ ಬೆಳಗಿಗೂ ನಡುವೆ ಅವಳು ನಿನ್ನನ್ನು ಹುಡುಕಿದ್ದರೆ, ಸಿಕ್ಕಿರು. ಅವಳ ದಣಿವು ಆರಿಸು. ನನ್ನ ವಿಶಾಲಮ್ಮನ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿಯಿರಲಿ.